ಮೊದಲು ಸಣ್ಣ ವಿಮಾನದ ಸೀಟು, ಆಮೇಲೆ ಮುಂಬೈ–ಬಾಲಿ

ಗಣಪತಿ ನೀರಿಗೆ ಬಿಟ್ಟು ಮನೆಗೆ ಬಂದ ಮರುದಿನವೇ ಮುಂಬೈಯ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕ್ರಿಸ್ಮಸ್ ರಜೆಯ ಚರ್ಚೆ ಶುರು. ಮಾಟುಂಗವಿರಲಿ, ಚೆಂಬೂರಿರಲಿ, ಡೊಂಬಿವಲಿಯಿರಲಿ, ಈಗ ಎಲ್ಲರ ಬಾಯಲ್ಲೂ ಇಂಡೋನೇಷ್ಯಾದ ಬಾಲಿ. ಟಿಕೆಟ್ ತೆಗೆಯುವ ಕ್ರಮವೂ ಎಲ್ಲರದ್ದೂ ಒಂದೇ: ಮೊದಲು ಮುಂಬೈ–ಬಾಲಿ, ಆಮೇಲೆ ಹೋಟೆಲು. ಬಾಲಿಯಿಂದ ಪಕ್ಕದ ಲೊಂಬೊಕ್ ದ್ವೀಪಕ್ಕೋ, ಕೊಮೊಡೊ ಎಂಬ ದೈತ್ಯ ಹಲ್ಲಿ ನೋಡುವವರು ಇಳಿಯುವ ಲಾಬುವಾನ್ ಬಾಜೊಗೋ ಹೋಗುವ ವಿಮಾನದ ವಿಷಯ ಬಂದರೆ "ಅದೇನು ಅರ್ಧ ಗಂಟೆಯದ್ದು, ಅಲ್ಲಿ ಹೋದ ಮೇಲೆ ನೋಡುವಾ" ಎಂಬ ಉತ್ತರ.

ಈ ಕ್ರಮ ತಲೆಕೆಳಗು. ರಜೆಯ ದಿನಗಳಲ್ಲಿ ಹಿಡಿಯಲು ಕಷ್ಟವಾದದ್ದು ಆ ಅರ್ಧ ಗಂಟೆಯ ವಿಮಾನವೇ. ಮುಂಬೈಯಿಂದ ಬಾಲಿಗೆ ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್ ಹೀಗೆ ಹತ್ತು ದಾರಿಗಳುಂಟು, ಒಂದು ತುಂಬಿದರೆ ಇನ್ನೊಂದು ಸಿಗುತ್ತದೆ. ದ್ವೀಪದಿಂದ ದ್ವೀಪಕ್ಕೆ ಹಾರುವುದರಲ್ಲಿ ಬಹಳಷ್ಟು ಎಟಿಆರ್ 72, ಅಂದರೆ ಸುಮಾರು 70 ಸೀಟಿನ, ರೆಕ್ಕೆಯಲ್ಲಿ ಫ್ಯಾನು ತಿರುಗುವ ವಿಮಾನ. ದಿನಕ್ಕೆ ಕೆಲವೇ ಹಾರಾಟ. ಒಂದು ಶಾಲೆಯ ಪ್ರವಾಸದ ಗುಂಪು ಬುಕ್ ಮಾಡಿದರೆ ಅರ್ಧ ವಿಮಾನ ತುಂಬಿತು.

ಇದರ ಹಿಂದೆ ಒಂದು ಕಾನೂನುಂಟು, ಅದು ಗೊತ್ತಾದರೆ ಉಳಿದ ಲೆಕ್ಕವೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಇಂಡೋನೇಷ್ಯಾದ ಒಳಗಿನ ಎಕಾನಮಿ ಟಿಕೆಟ್‌ಗೆ ಸರ್ಕಾರವೇ ಪ್ರತಿ ಮಾರ್ಗಕ್ಕೂ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಕಟ್ಟಿದೆ. 2019ರ ನಿಯಮದ ಪ್ರಕಾರ ಊಟ-ತಿಂಡಿ ಸಹಿತ ಪೂರ್ಣ ಸೇವೆಯ ಕಂಪನಿ ಮೇಲಿನ ಮಿತಿಯ ಶೇ 100ರವರೆಗೆ ಕೇಳಬಹುದು, ಮಧ್ಯಮ ಸೇವೆಯದ್ದು ಶೇ 90, ಅಗ್ಗದ ಕಂಪನಿ ಶೇ 85. ಕೆಳಗಿನ ಮಿತಿ ಮೇಲಿನದರ ಶೇ 35. ನಮ್ಮಲ್ಲಿ ಕೋವಿಡ್ ಕಾಲದಲ್ಲಿ, 2020ರ ಮೇಯಿಂದ 2022ರ ಆಗಸ್ಟ್‌ವರೆಗೆ ದೇಶದೊಳಗಿನ ವಿಮಾನಗಳಿಗೆ ಇಂಥ ಮಿತಿ ಹಾಕಿದ್ದು ನೆನಪಿರಬಹುದು. ಅಲ್ಲಿ ಅದು ಶಾಶ್ವತ ವ್ಯವಸ್ಥೆ. ಮಿತಿ ಇರುವುದು ಮೂಲ ದರಕ್ಕೆ ಮಾತ್ರ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ, ಇಂಧನದ ಹೆಚ್ಚುವರಿ ಇವೆಲ್ಲ ಅದರ ಮೇಲೆ ಬೀಳುತ್ತವೆ.

ಹಾಗಾಗಿ ಡಿಸೆಂಬರ್‌ನಲ್ಲಿ ಬಾಲಿ–ಲೊಂಬೊಕ್ ನೇರ ಟಿಕೆಟ್‌ನ ದರ ಮುಂಬೈ–ಮಂಗಳೂರಿನ ದೀಪಾವಳಿ ದರದಂತೆ ಆಕಾಶಕ್ಕೆ ಏರುವುದಿಲ್ಲ. ಒಂದು ಮಟ್ಟ ಮುಟ್ಟಿ ಅಲ್ಲೇ ನಿಲ್ಲುತ್ತದೆ, ಆಮೇಲೆ ಸೀಟೇ ಮುಗಿಯುತ್ತದೆ. ನೇರ ವಿಮಾನ ತುಂಬಿತೆಂದರೆ ಬುಕಿಂಗ್ ಆ್ಯಪ್‌ಗಳು ಸುಮ್ಮನಿರುವುದಿಲ್ಲ. ಬಾಲಿಯಿಂದ ಹಿಂದಕ್ಕೆ ಸುರಬಾಯಾಕ್ಕೋ ಜಕಾರ್ತಾಕ್ಕೋ ಹೋಗಿ, ಅಲ್ಲಿಂದ ಬಾಲಿಯ ಮೇಲೆಯೇ ಹಾದು ಲೊಂಬೊಕ್‌ಗೆ ಇಳಿಯುವ ಟಿಕೆಟ್ ತೋರಿಸುತ್ತವೆ. ಮಿತಿ ಮಾರ್ಗಕ್ಕೊಂದು ಇರುವುದರಿಂದ ಎರಡು ಮಾರ್ಗದ ಮಿತಿ ಕೂಡುತ್ತದೆ, ದರ ಎರಡು-ಮೂರು ಪಟ್ಟು. "ರಜೆಯಲ್ಲಿ ಅಲ್ಲಿಯ ಫ್ಲೈಟ್ ಭಯಂಕರ ದುಬಾರಿ ಮಾರಾಯ್ರೆ" ಎಂದು ಹೇಳುವವರಲ್ಲಿ ಹೆಚ್ಚಿನವರು ನೋಡಿದ್ದು ಈ ಸುತ್ತುದಾರಿಯ ಟಿಕೆಟನ್ನೇ. ಹುಡುಕುವಾಗ "ನೇರ ವಿಮಾನ ಮಾತ್ರ" ಎಂಬುದನ್ನು ಒತ್ತಿ. ಪಟ್ಟಿ ಖಾಲಿ ಬಂದರೆ ದಿನ ಬದಲಿಸಿ, ದಾರಿ ಬದಲಿಸಬೇಡಿ.

ನಿಮ್ಮ ಮಾರ್ಗದ ಮಿತಿ ಎಷ್ಟೆಂದು ತಿಳಿಯಲು ನಿಯಮದ ಪುಸ್ತಕ ಬೇಕಿಲ್ಲ. ಜನವರಿ ಮಧ್ಯದ ಒಂದು ಮಂಗಳವಾರದ ನೇರ ದರ ನೋಡಿ, ಅದು ಹೆಚ್ಚುಕಡಿಮೆ ತಳ. ಡಿಸೆಂಬರ್ 23–24ರ ನೇರ ದರ ನೋಡಿ, ಅದು ಹೆಚ್ಚುಕಡಿಮೆ ನೆತ್ತಿ. ನಿಮಗೆ ಬೇಕಾದ ದಿನದ ದರ ಇವೆರಡರ ನಡುವೆ ಇದ್ದರೆ ತೆಗೆದುಬಿಡಿ. ನೆತ್ತಿಗೆ ಮುಟ್ಟಿದ್ದರೆ ಇನ್ನು ಏರುವ ಹೆದರಿಕೆ ಕಡಿಮೆ, ಮುಗಿದುಹೋಗುವ ಹೆದರಿಕೆ ಹೆಚ್ಚು. ಇಂಡೋನೇಷ್ಯಾದ ರುಪಯಾದಲ್ಲಿ ದರ ಕಂಡರೆ ಮೂರು ಸೊನ್ನೆ ಅಳಿಸಿ ಐದೂವರೆಯಿಂದ ಗುಣಿಸಿ. 8 ಲಕ್ಷ ರುಪಯಾ ಅಂದರೆ ನಮ್ಮ 4,400ರ ಆಸುಪಾಸು.

ಅಲ್ಲಿಯ ಸರ್ಕಾರ ಒಮ್ಮೊಮ್ಮೆ ರಜೆಗೆಂದೇ ದರ ಇಳಿಸುವುದೂ ಉಂಟು. 2024ರ ಡಿಸೆಂಬರ್ 19ರಿಂದ 2025ರ ಜನವರಿ 3ರವರೆಗೆ ದೇಶದೊಳಗಿನ ಟಿಕೆಟ್ ಸುಮಾರು ಶೇ 10 ಇಳಿಯಿತು. ಆದರೆ ಅದನ್ನು ಸಾರಿದ್ದು ನವೆಂಬರ್ ಕೊನೆಯಲ್ಲಿ. ಶೇ 10ರ ಆಸೆಗೆ ನವೆಂಬರ್‌ವರೆಗೆ ಕಾಯುವುದು ನನ್ನ ಪ್ರಕಾರ ಮೂರ್ಖತನ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಹಿಡಿಯಿರಿ.

ಇನ್ನು ಪಂಚಾಂಗ. ಅಲ್ಲಿಯ ಜನದಟ್ಟಣೆ ಡಿಸೆಂಬರ್ 20ರಿಂದ ಜನವರಿ 4ರವರೆಗೆ, ಈದ್‌ನ ಹಿಂದುಮುಂದಿನ ಒಂದೊಂದು ವಾರ, ಮತ್ತೆ ಜೂನ್-ಜುಲೈಯ ಶಾಲಾ ರಜೆ. ಮುಂಬೈಯ ಶಾಲೆಗಳ ದೀಪಾವಳಿ ರಜೆ ಅಲ್ಲಿ ಏನೂ ಅಲ್ಲ! ಅಕ್ಟೋಬರ್-ನವೆಂಬರ್‌ನಲ್ಲಿ ಮುಂಬೈಯಿಂದ ಹೊರಡುವ ಟಿಕೆಟ್ ದುಬಾರಿಯೇ, ಆದರೆ ದ್ವೀಪಗಳ ನಡುವಿನ ಟಿಕೆಟ್ ತಳದ ಹತ್ತಿರ ಇರುತ್ತದೆ, ಸಮುದ್ರವೂ ಶಾಂತ. ನಮ್ಮ ಮೇ ತಿಂಗಳ ರಜೆಗೂ ಇದೇ ಮಾತು. ಕ್ರಿಸ್ಮಸ್‌ಗೇ ಹೋಗಬೇಕೆಂಬ ಹಟವೇನೂ ಇಲ್ಲದವರು ದೀಪಾವಳಿಗೆ ಹೋಗಿ.

ಯುಗಾದಿಗೆ ಹೋಗುವವರು ಮಾತ್ರ ಎಚ್ಚರ. ಬಾಲಿಯವರ ಶಕ ವರ್ಷದ ಹೊಸ ವರುಷ ನ್ಯೆಪಿ, ಅದು ಬಹಳ ಸಲ ನಮ್ಮ ಯುಗಾದಿಯ ಅಕ್ಕಪಕ್ಕವೇ ಬರುತ್ತದೆ. 2025ರಲ್ಲಿ ಮಾರ್ಚ್ 29, ನಮ್ಮ ಯುಗಾದಿ 30. 2026ರಲ್ಲಿ ಎರಡೂ ಮಾರ್ಚ್ 19. ಆ ದಿನ ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಬಾಲಿಯ ವಿಮಾನ ನಿಲ್ದಾಣವೇ ಬಂದ್, ರಸ್ತೆಗೆ ಇಳಿಯುವ ಹಾಗೂ ಇಲ್ಲ. ಹಿಂದಿನ ದಿನ, ಮರುದಿನದ ವಿಮಾನಗಳು ಕಿಕ್ಕಿರಿದಿರುತ್ತವೆ.

ಎಲ್ಲ ದ್ವೀಪಕ್ಕೂ ಹಾರಬೇಕಾಗಿಲ್ಲ ಎನ್ನುವುದನ್ನೂ ಹೇಳಬೇಕು. ನುಸಾ ಪೆನಿಡಾಕ್ಕೆ ವಿಮಾನವೇ ಇಲ್ಲ, ಬಾಲಿಯ ಸನೂರಿನಿಂದ ಸ್ಪೀಡ್ ಬೋಟಿನಲ್ಲಿ ಮುಕ್ಕಾಲು ಗಂಟೆ. ಗಿಲಿ ದ್ವೀಪಗಳಿಗೂ ಇಲ್ಲ. ಗಿಲಿಗೆಂದು ಲೊಂಬೊಕ್‌ಗೆ ಹಾರುವವರು ಮೋಸ ಹೋಗುತ್ತಾರೆ: ಲೊಂಬೊಕ್ ನಿಲ್ದಾಣ ಇರುವುದು ದಕ್ಷಿಣದ ಪ್ರಾಯಾದಲ್ಲಿ, ಗಿಲಿಯ ದೋಣಿ ಹೊರಡುವುದು ವಾಯವ್ಯದ ಬಂಗ್ಸಾಲ್‌ನಿಂದ, ನಡುವೆ ಕಾರಿನಲ್ಲಿ ಎರಡು ಗಂಟೆ. ಬಾಲಿಯ ಪದಂಗ್ ಬಾಯಿಯಿಂದ ನೇರ ಬೋಟು ಹಿಡಿದರೆ ಒಂದೂವರೆ-ಎರಡು ಗಂಟೆಯಲ್ಲಿ ಗಿಲಿ ಸಿಗುತ್ತದೆ. ಲೊಂಬೊಕ್‌ನ ದಕ್ಷಿಣ ತೀರದ ಮಂಡಾಲಿಕಾಕ್ಕೆ ಹೋಗುವವರಿಗೆ ವಿಮಾನವೇ ಸರಿ, ಇಳಿದ ಮೇಲೆ ಅರ್ಧ ಗಂಟೆಯ ದಾರಿ. ಕೊಮೊಡೊ ನೋಡಲು ಲಾಬುವಾನ್ ಬಾಜೊಗೆ ಹೋಗುವುದಾದರೆ ವಿಮಾನ ಬಿಟ್ಟು ಬೇರೆ ಯೋಚನೆ ಬೇಡ, ಒಂದು ಗಂಟೆ ಚಿಲ್ಲರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಶ್ಚಿಮದ ಮಳೆಗಾಳಿಗೆ ಸಮುದ್ರ ಏರಿದರೆ ಬಂದರಿನವರು ಬೋಟುಗಳನ್ನೇ ನಿಲ್ಲಿಸಿಬಿಡುತ್ತಾರೆ, ಅದೂ ಲೆಕ್ಕದಲ್ಲಿರಲಿ.

ದೊಡ್ಡ ಉಳಿತಾಯ ಇರುವುದು ಅಗ್ಗದ ಟಿಕೆಟಿನಲ್ಲಲ್ಲ, ಒಂದು ಟಿಕೆಟನ್ನೇ ಇಲ್ಲವಾಗಿಸುವುದರಲ್ಲಿ. ಲೊಂಬೊಕ್‌ಗೆ ಸಿಂಗಾಪುರದಿಂದ ಸ್ಕೂಟ್, ಕೌಲಾಲಂಪುರದಿಂದ ಏರ್ ಏಷ್ಯಾ ನೇರವಾಗಿ ಹಾರುತ್ತವೆ. ಮುಂಬೈಯಿಂದ ಸಿಂಗಾಪುರದ ಮೇಲೆ ಲೊಂಬೊಕ್‌ಗೆ ಇಳಿದು, ಅಲ್ಲಿಂದ ಬಾಲಿಗೆ ಬಂದು, ಬಾಲಿಯಿಂದಲೇ ಮುಂಬೈಗೆ ಮರಳಿದರೆ ದ್ವೀಪದ ಟಿಕೆಟ್ ಎರಡರ ಬದಲು ಒಂದು. ನಾಲ್ಕು ಜನರ ಕುಟುಂಬಕ್ಕೆ ನಾಲ್ಕು ಸೀಟು ಉಳಿಯಿತು, ಅರ್ಧ ದಿನವೂ ಉಳಿಯಿತು. ಹುಡುಕುವಾಗ "ರಿಟರ್ನ್" ಬದಲು "ಮಲ್ಟಿ ಸಿಟಿ" ಆರಿಸಿ.

ಹುಡುಕುವ ವಿಷಯಕ್ಕೆ ಬಂದರೆ, ಗೂಗಲ್ ಫ್ಲೈಟ್ಸ್‌ನಲ್ಲಿ ಕಂಡದ್ದೇ ಎಲ್ಲ ಎಂದು ತಿಳಿಯಬೇಡಿ. ವಿಂಗ್ಸ್ ಏರ್‌ನಂಥ ಸಣ್ಣ ಕಂಪನಿಗಳಿಗಾಗಿ ಟ್ರಾವೆಲೋಕಾ, ಟಿಕೆಟ್ ಡಾಟ್ ಕಾಮ್ (tiket.com) ಎಂಬ ಅಲ್ಲಿಯ ಆ್ಯಪ್‌ಗಳಲ್ಲೂ ನೋಡಿ, ಕೊನೆಗೆ ಕಂಪನಿಯ ಸ್ವಂತ ಸೈಟಿನಲ್ಲೂ. ಬಾಲಿಯ ಕೋಡ್ ಡಿಪಿಎಸ್, ಲೊಂಬೊಕ್‌ನದ್ದು ಎಲ್‌ಒಪಿ, ಲಾಬುವಾನ್ ಬಾಜೊದ್ದು ಎಲ್‌ಬಿಜೆ. ಆರು ಜನಕ್ಕೆ ಒಟ್ಟಿಗೆ ಹುಡುಕಿದರೆ ಆರು ಸೀಟೂ ಒಂದೇ ದರದಲ್ಲಿ ಸಿಗುವ ಮಟ್ಟವನ್ನು ಮಾತ್ರ ತೋರಿಸುತ್ತದೆ. ಕೆಳಗಿನ ದರದಲ್ಲಿ ಎರಡೇ ಸೀಟು ಇದ್ದರೆ ಅದು ಮರೆಯಾಗುತ್ತದೆ. ಇಬ್ಬರಿಬ್ಬರಂತೆ ಹುಡುಕಿ ನೋಡಿ. ಆದರೆ ಮಕ್ಕಳ ಬುಕಿಂಗ್‌ನಲ್ಲಿ ಒಬ್ಬ ದೊಡ್ಡವರಿರಲೇಬೇಕು.

ಹೆಸರಿನ ಸಮಸ್ಯೆ ನಮ್ಮವರಿಗೆ ವಿಶೇಷ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರು ಬರೀ "ಶಿವರಾಮ" ಎಂದಿರುವವರು ಕನ್ನಡಿಗರಲ್ಲಿ ಧಾರಾಳ. ಸೈಟು ಕೊನೆಯ ಹೆಸರಿಲ್ಲದೆ ಮುಂದೆ ಹೋಗಲು ಬಿಡುವುದಿಲ್ಲ. ಆಗ ಅಪ್ಪನ ಹೆಸರೋ ಮನೆತನದ ಹೆಸರೋ ತುಂಬಿಬಿಟ್ಟರೆ ಪಾಸ್‌ಪೋರ್ಟಿಗೆ ತಾಳೆಯಾಗದೆ ಕೌಂಟರಿನಲ್ಲಿ ರಗಳೆ. ಇಂಡೋನೇಷ್ಯಾದಲ್ಲಿ ಒಂದೇ ಹೆಸರಿನವರು ಸರ್ವೇಸಾಮಾನ್ಯ, ಅಧ್ಯಕ್ಷರಾಗಿದ್ದ ಸುಹಾರ್ತೋ ಕೂಡ ಹಾಗೆಯೇ. ಅದಕ್ಕೇ ಅಲ್ಲಿಯ ಸೈಟುಗಳು ಅದೇ ಹೆಸರನ್ನು ಎರಡು ಸಲ ಬರೆಯಲು ಹೇಳುತ್ತವೆ: ಶಿವರಾಮ ಶಿವರಾಮ. ಸಂಕೋಚವಿಲ್ಲದೆ ಬರೆಯಿರಿ.

ಹಣ ಕಟ್ಟುವಾಗ: ಆರ್‌ಬಿಐ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು ಆನ್‌ಲೈನ್ ಮಿತಿ ಏರಿಸಿದ ಮೇಲೆಯೇ ಬುಕಿಂಗ್‌ಗೆ ಕೂತುಕೊಳ್ಳಿ, ಇಲ್ಲದಿದ್ದರೆ ಹಿಡಿದ ಸೀಟು ಕೈತಪ್ಪುತ್ತದೆ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಸಾಮಾನ್ಯವಾಗಿ ಶೇ 2ರಿಂದ 3.5, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಇಲ್ಲಿಯ ಸೈಟು ರೂಪಾಯಿಯಲ್ಲಿ ಸ್ವಲ್ಪ ಹೆಚ್ಚು ತೋರಿಸಿದರೂ ಇದನ್ನು ಕೂಡಿಸಿ ಹೋಲಿಸಿ.

ಲಗೇಜು. ಮುಂಬೈಯಿಂದ 20 ಕಿಲೋ ಪೆಟ್ಟಿಗೆಯಲ್ಲಿ ಅವಲಕ್ಕಿ, ಚಟ್ನಿಪುಡಿ, ಮ್ಯಾಗಿ, ಉಪ್ಪಿನಕಾಯಿ ತುಂಬಿ ಹೊರಡುವವರು ಎಟಿಆರ್‌ನಲ್ಲಿ ಸಿಕ್ಕಿಬೀಳುತ್ತಾರೆ. ವಿಂಗ್ಸ್ ಏರ್‌ನಂಥ ವಿಮಾನಗಳಲ್ಲಿ ಉಚಿತ 10 ಕಿಲೋ, ಕೈಚೀಲ 7 ಕಿಲೋ, ಮೇಲಿನ ಗೂಡು ಸಣ್ಣದು. ಗರುಡ, ಬಾತಿಕ್ ಕಂಪನಿಗಳಲ್ಲಿ ಹೆಚ್ಚು ಸಿಗುತ್ತದೆ, ಹಾಗಾಗಿ ಟಿಕೆಟ್ ದರ ಹೋಲಿಸುವಾಗ ಲಗೇಜು ಸೇರಿಸಿಯೇ ಹೋಲಿಸಬೇಕು. ಬಾಲಿಗೆ ಮರಳಿ ಬರುವವರು ದೊಡ್ಡ ಪೆಟ್ಟಿಗೆಯನ್ನು ಅಲ್ಲಿಯ ಹೋಟೆಲಿನಲ್ಲೇ ಇಟ್ಟು ಬೆನ್ನಚೀಲ ಹಾಕಿಕೊಂಡು ಹಾರಿದರೆ ತಂಟೆಯೇ ಇಲ್ಲ.

ಬೆಳಗಿನ ವಿಮಾನವನ್ನೇ ತೆಗೆಯಿರಿ, ನೂರಿನ್ನೂರು ರೂಪಾಯಿ ಹೆಚ್ಚಾದರೂ ಸರಿ. ಒಂದೇ ಎಟಿಆರ್ ದಿನವಿಡೀ ನಾಲ್ಕೈದು ದ್ವೀಪ ಸುತ್ತುತ್ತದೆ, ಬೆಳಗಿನ ಹತ್ತು ನಿಮಿಷದ ತಡ ಸಂಜೆಗೆ ಎರಡು ಗಂಟೆಯಾಗುತ್ತದೆ. ಮಳೆಗಾಲದ ಗುಡುಗು-ಸಿಡಿಲೂ ಅಲ್ಲಿ ಮಧ್ಯಾಹ್ನದ ಮೇಲೆಯೇ ಜಾಸ್ತಿ. ಕೊನೆಯ ರಾತ್ರಿ ಕಡ್ಡಾಯವಾಗಿ ಬಾಲಿಯಲ್ಲಿ ಕಳೆಯಬೇಕು. ಲಾಬುವಾನ್ ಬಾಜೊದಿಂದ ಮಧ್ಯಾಹ್ನ ಹೊರಟು ಅದೇ ರಾತ್ರಿ ಮುಂಬೈ ವಿಮಾನ ಹಿಡಿಯುವ ಯೋಜನೆ ಕಾಗದದ ಮೇಲೆ ಚೆಂದ. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಮೊದಲಿನದ್ದು ತಡವಾದರೆ ಎರಡನೆಯ ಕಂಪನಿ ಕೇಳುವುದೇ ಇಲ್ಲ. ಜ್ವಾಲಾಮುಖಿಯೂ ಉಂಟು: 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಲೆವೊಟೊಬಿ ಬೂದಿ ಉಗುಳಿದಾಗ ಬಾಲಿಯ ವಿಮಾನಗಳು ಸಾಲುಸಾಲಾಗಿ ರದ್ದಾದವು. ಪ್ರವಾಸ ವಿಮೆಯನ್ನು ಟಿಕೆಟ್ ತೆಗೆದ ದಿನವೇ ಮಾಡಿಸಿ. ಸ್ಫೋಟದ ಸುದ್ದಿ ಬಂದ ಮೇಲೆ ಮಾಡಿಸಿದ ವಿಮೆ ಆ ಸ್ಫೋಟಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ನಮ್ಮ ದೇಶದ ದ್ವೀಪಗಳಲ್ಲೇ ಹೀಗೆ ಹಾರಬಾರದೇ ಎಂದು ಕೇಳುವವರಿಗೆ ಚುಟುಕಾಗಿ: ಗೋವಾದ ಮೋಪಾದಿಂದ ಲಕ್ಷದ್ವೀಪದ ಅಗತ್ತಿಗೆ ಫ್ಲೈ91 ಎಟಿಆರ್ ಸೇವೆ 2024ರಲ್ಲಿ ಶುರುವಾಯಿತು. ಆದರೆ ಲಕ್ಷದ್ವೀಪದಲ್ಲಿ ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಹೋಗಲು ಪರ್ಮಿಟ್ಟೂ ಬೇಕು. ಅಂಡಮಾನಿನಲ್ಲಿ ದ್ವೀಪಗಳ ನಡುವೆ ಹೆಲಿಕಾಪ್ಟರ್ ಇದ್ದರೂ ಅದರಲ್ಲಿ ಸ್ಥಳೀಯರಿಗೆ ಆದ್ಯತೆ, ಅದೇ ನ್ಯಾಯ. ಪ್ರವಾಸಿಗರು ಫೆರ್ರಿಯನ್ನೇ ನಂಬಬೇಕು.

ಕೊನೆಗೆ, ವಿಮಾನ ತಡವಾದರೆ ಸುಮ್ಮನೆ ಕೂರಬೇಡಿ. ಇಂಡೋನೇಷ್ಯಾದ 2015ರ ನಿಯಮದಲ್ಲಿ ನಿಮಿಷದ ಲೆಕ್ಕವಿದೆ: ಅರ್ಧ ಗಂಟೆ ದಾಟಿದರೆ ಪಾನೀಯ, ಒಂದು ಗಂಟೆ ದಾಟಿದರೆ ಜೊತೆಗೆ ತಿಂಡಿ, ಎರಡು ಗಂಟೆ ದಾಟಿದರೆ ಊಟ, ನಾಲ್ಕು ಗಂಟೆ ದಾಟಿದರೆ ತಲೆಗೆ 3 ಲಕ್ಷ ರುಪಯಾ, ಅಂದರೆ ಸುಮಾರು 1,600 ರೂಪಾಯಿ. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ಕೊಡುವ ಊಟ ಸಸ್ಯಾಹಾರವೇ ಆಗಿರುತ್ತದೆಂಬ ಭರವಸೆಯಿಲ್ಲ, ಕೌಂಟರಿನಲ್ಲಿ ಮೊದಲೇ ಹೇಳಿಡಿ. ಪರಿಹಾರದ ಹಣಕ್ಕೆ ಬೋರ್ಡಿಂಗ್ ಪಾಸ್ ತೋರಿಸಿ, ನಿಲ್ದಾಣ ಬಿಡುವ ಮೊದಲೇ ಕೇಳಬೇಕು. ಮುಂಬೈಗೆ ಬಂದು ಇಮೇಲ್ ಹಾಕಿದರೆ ಉತ್ತರ ಬರುವಷ್ಟರಲ್ಲಿ ಮುಂದಿನ ಗಣಪತಿ ಬಂದಿರುತ್ತದೆ.