ಮನೆ ನಮ್ಮದು, ಬೀಗದ ಕೈ ಕಂಪನಿಯದ್ದು

ಈಗಷ್ಟೇ ತಂಗಿ ಮನೆಯಿಂದ ಬಂದೆ. ತಲೆ ಇನ್ನೂ ಬಿಸಿ ಇದೆ, ಹಾಗಾಗಿ ಬರಹ ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು.

ಆಗಿದ್ದು ಇಷ್ಟು. ಬೆಳಗ್ಗೆ ಎದ್ದು ನೋಡಿದರೆ ಅವಳ ಮನೆಯ ವೈಫೈ ಹೆಸರೇ ಬೇರೆ. ಇವಳೂ ಮುಟ್ಟಿಲ್ಲ, ಅವಳ ಗಂಡನೂ ಮುಟ್ಟಿಲ್ಲ. ಇಂಟರ್‌ನೆಟ್ ಕಂಪನಿಯವರು ರಾತ್ರಿ ದೂರದಿಂದಲೇ ಏನೋ ಅಪ್‌ಡೇಟ್ ಹಾಕಿದ್ದಾರೆ. ಅದು ಇವರು ಮಾಡಿಕೊಂಡಿದ್ದ ಸೆಟ್ಟಿಂಗ್ ಎಲ್ಲ ಗುಡಿಸಿ ಹಾಕಿದೆ. ಸರಿ ಮಾಡೋಣ ಅಂತ ರೂಟರ್, ಅಂದರೆ ಮನೆಗೆಲ್ಲ ಇಂಟರ್‌ನೆಟ್ ಹಂಚುವ ಕಂಪನಿಯ ಡಬ್ಬದ ಸೆಟ್ಟಿಂಗ್ ಪುಟ ತೆರೆದೆ. ವೆಬ್‌ಸೈಟ್ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಾಯಿಸುವ ಜಾಗ ಬೂದು ಬಣ್ಣಕ್ಕೆ ತಿರುಗಿ ಕೂತಿದೆ, ಒತ್ತಿದರೆ ಏನೂ ಆಗಲ್ಲ. ಹೊರಗಿನಿಂದ ನುಗ್ಗುವವರನ್ನು ತಡೆಯುವ ಫೈರ್‌ವಾಲ್ ಅಂತ ಒಂದು ಪುಟ. ಅದರಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರೇ ಆಯ್ಕೆ. ಫ್ಯಾನ್ ರೆಗ್ಯುಲೇಟರ್ ನೆನಪಾಯಿತು.

ಅಷ್ಟರಲ್ಲಿ ಟೆಕ್ನಿಷಿಯನ್ ಹುಡುಗ ಬಂದ. "ಅಡ್ಮಿನ್ ಪಾಸ್‌ವರ್ಡ್ ಕೊಡಪ್ಪ" ಅಂದೆ. ಪಾಪ, ನಕ್ಕ. "ಅದು ಕಸ್ಟಮರ್‌ಗೆ ಕೊಡಲ್ಲ ಸರ್. ನಮಗೂ ಕೊಡಲ್ಲ."

ಮನೆ ನಮ್ಮದು, ಕರೆಂಟು ನಮ್ಮದು, ತಿಂಗಳು ತಿಂಗಳು ದುಡ್ಡು ಕಟ್ಟುವವರು ನಾವು. ಹೊರಬಾಗಿಲ ಬೀಗದ ಕೈ ಮಾತ್ರ ಇನ್ಯಾರದ್ದೋ ಜೇಬಿನಲ್ಲಿ. ಹಗಲೋ ರಾತ್ರಿಯೋ ಅವರಿಗೆ ಬೇಕೆನಿಸಿದಾಗ ಒಳಗೆ ಬಂದು ಸಾಮಾನು ಅತ್ತಿತ್ತ ಮಾಡಿ ಹೋಗುತ್ತಾರೆ. ನಾವು ಬೆಳಗ್ಗೆ ಎದ್ದು ಹುಡುಕಬೇಕು!

ಸ್ವಂತ ಡಬ್ಬ ಕಟ್ಟುವ ನನ್ನ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಮನೆಯಲ್ಲಿ ಈಗ ರೂಟರ್ ಕೆಲಸ ಮಾಡುತ್ತಿರುವುದು ಅಂಗೈ ಅಗಲದ ಒಂದು ಕಂಪ್ಯೂಟರ್. ಇಂಟೆಲ್ ಎನ್100 ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಪೋರ್ಟ್. ಫ್ಯಾನ್ ಇಲ್ಲ, ಸದ್ದಿಲ್ಲ. ಪ್ರೊಸೆಸರ್‌ಗೆ ಬರೆದಿರುವುದು 6 ವ್ಯಾಟ್, ಇಡೀ ಡಬ್ಬ ಎಳೆಯುವುದು ಹತ್ತರ ಆಸುಪಾಸು. ವರ್ಷವಿಡೀ ಆರಿಸದಿದ್ದರೂ 88 ಯೂನಿಟ್ ಆಯಿತು. ಮೂಲೆಗೆ ಬಿದ್ದ ಹಳೇ ಡೆಸ್ಕ್‌ಟಾಪೇ ಸಾಕಲ್ವಾ ಅಂತ ಕೇಳುವವರು ಇದ್ದೀರಿ. ಅದು 60 ವ್ಯಾಟ್ ಎಳೆದರೂ ವರ್ಷಕ್ಕೆ 526 ಯೂನಿಟ್. ರೂಟರ್ ಮಲಗುವ ಯಂತ್ರ ಅಲ್ಲ ಸ್ವಾಮಿ.

ಒಂದು ಪೋರ್ಟ್‌ಗೆ ಹೊರಗಿನ ಕೇಬಲ್, ಇನ್ನೊಂದಕ್ಕೆ ಮನೆಯೊಳಗಿನ ಕೇಬಲ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್. ಹಳೇ ವೈಫೈ ರೂಟರ್ ಈಗ ಬರೀ ಸಿಗ್ನಲ್ ಹರಡುವ ಕೂಲಿ. ಕಂಪನಿಯ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ತಾನು ರೂಟರ್ ಕೆಲಸ ಮಾಡದೆ ಲೈನನ್ನು ನೇರ ನನ್ನ ಡಬ್ಬಕ್ಕೆ ಬಿಡುವ ಹಾಗೆ, ಹಾಕಿಸಲು ಮಾತ್ರ ಮೂರು ಸಲ ಫೋನ್ ಮಾಡಬೇಕಾಯಿತು. ಅದಕ್ಕೆ ಮೊದಲು ಒಂದು ಸಂಜೆಯಿಡೀ ಒದ್ದಾಡಿದ್ದೆ. ಅವರ ಡಬ್ಬದ ವಿಳಾಸವೂ 192.168.1.1, ನನ್ನದೂ ಅದೇ. ಒಂದೇ ಮನೆ ನಂಬರಿನ ಎರಡು ಮನೆ ಎದುರುಬದುರು ನಿಂತರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು?

ನನ್ನ ಡಬ್ಬದ ಒಳಗಿರುವುದು ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ರೂಟರ್ ಸಾಫ್ಟ್‌ವೇರ್. ಇದು ಹುಟ್ಟಿದ ಕಥೆಯೇ ನನ್ನ ಸಿಟ್ಟಿಗೆ ಉತ್ತರ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಅಂತ ಒಂದು ನೀಲಿ ರೂಟರ್ ಇತ್ತು, ಎರಡು ಕೋಡಿನ ಹಾಗೆ ಆಂಟೆನಾ. ಅದರೊಳಗೆ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಇದೆ ಅಂತ ಜನ ಪತ್ತೆ ಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಲೈಸೆನ್ಸ್ ಪ್ರಕಾರ ಅದನ್ನು ಹಂಚುವವರು ಕೋಡನ್ನೂ ಕೊಡಬೇಕು, ಕೊಡಿ ಅಂತ ಪಟ್ಟು ಹಿಡಿದರು. 2003ರಲ್ಲಿ ಕೋಡ್ ಹೊರಬಂತು, ಮರುವರ್ಷವೇ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಅಂದರೆ ಇಪ್ಪತ್ತು ವರ್ಷದ ಹಿಂದೆಯೇ ಜನ ಈ ಬೀಗದ ಕೈ ಕೇಳಿ ಇಸಿದುಕೊಂಡಿದ್ದರು. ನಾವು ಸುಮ್ನೆ ವಾಪಸ್ ಕೊಟ್ಟು ಕೂತಿದ್ದೇವೆ.

ಬ್ರಿಡ್ಜ್ ಮೋಡ್ ಆದ ದಿನ ಫೈರ್‌ವಾಲ್ ಲಾಗ್, ಅಂದರೆ ಯಾರ್ಯಾರು ಬಂದು ತಟ್ಟಿದರು ಅನ್ನುವ ದಾಖಲೆ, ತೆರೆದು ಕೂತೆ. ಯಾರ್ಯಾರೋ ಹೇಳದೇ ಕೇಳದೇ ಬಾಗಿಲು ತಟ್ಟುತ್ತಿದ್ದಾರೆ. ಪೋರ್ಟ್ 23, ಪೋರ್ಟ್ 22, ಮತ್ತೆ 23 (ಇವು ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ದೂರದಿಂದ ಲಾಗಿನ್ ಆಗುವ ಬಾಗಿಲುಗಳ ನಂಬರು). ಸಾಲು ಮೇಲೆ ಸಾಲು. ನನ್ನ ಮೇಲೆ ಯಾರಿಗೂ ದ್ವೇಷ ಇಲ್ಲ, ಅದು ಬಾಟ್‌ಗಳು, ಅಂದರೆ ತಾವಾಗೇ ಓಡುವ ಪ್ರೋಗ್ರಾಂಗಳು, ಬೀದಿಯುದ್ದಕ್ಕೂ ಎಲ್ಲರ ಮನೆ ಚಿಲಕ ಅಲ್ಲಾಡಿಸಿ ನೋಡುವ ರೀತಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡಿನ ಪ್ರೋಗ್ರಾಂ) ಮಾಡಿದ್ದೂ ಇದನ್ನೇ. ಕಂಪನಿಯಿಂದ ಬಂದ ಹಾಗೇ ಬಿಟ್ಟಿದ್ದ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡು ಕ್ಯಾಮೆರಾ, ರೂಟರ್ ಎಲ್ಲಕ್ಕೂ ನುಗ್ಗಿತ್ತು. 2018ರ ವಿಪಿಎನ್‌ಫಿಲ್ಟರ್ ಅನ್ನುವ ಇನ್ನೊಂದು ಮಾಲ್‌ವೇರ್ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು, ಅದರಲ್ಲಿ ಬಹುಪಾಲು ಮನೆ ಮತ್ತು ಸಣ್ಣ ಆಫೀಸಿನ ರೂಟರ್‌ಗಳು. ಇಂಥ ಕಾಲದಲ್ಲಿ ತಂಗಿ ಮನೆಗೆ ರಕ್ಷಣೆ ಏನು? ಕಡಿಮೆ, ಮಧ್ಯಮ, ಹೆಚ್ಚು.

ಹೊರಗಿನವರನ್ನು ಬಿಡಿ, ಒಳಗಿನವರ ಕಥೆ ಇನ್ನೂ ಚಂದ. ಡಿಎನ್‌ಎಸ್ ಲಾಗ್ ನೋಡಿದಾಗ ಗೊತ್ತಾಯಿತು, ನಮ್ಮ ಟಿವಿ ರಾತ್ರಿ ಎರಡು ಗಂಟೆಗೆ ಯಾರ ಜೊತೆಗೋ ಮಾತಾಡುತ್ತಿತ್ತು. ಆಫ್ ಮಾಡಿದ್ದ ಟಿವಿ! ಈಗ ಅದಕ್ಕೆ ಬೇರೆ ವಿಲ್ಯಾನ್, ಅಂದರೆ ಮನೆಯ ನೆಟ್‌ವರ್ಕ್‌ನೊಳಗೇ ಗೋಡೆ ಹಾಕಿದ ಬೇರೆ ಕೋಣೆ. ಇಂಟರ್‌ನೆಟ್ ಸಿಗುತ್ತದೆ, ಆದರೆ ನನ್ನ ಲ್ಯಾಪ್‌ಟಾಪ್ ಇರುವ ಕೋಣೆಗೆ ಪ್ರವೇಶವಿಲ್ಲ. ಬಲ್ಬು, ಕ್ಯಾಮೆರಾಗಳೂ ಅಲ್ಲೇ. ಜಗಳ ಇದ್ದರೆ ಅವರವರೇ ಆಡಿಕೊಳ್ಳಲಿ.

"ಇದೆಲ್ಲ ನಿನ್ನಂಥ ತಲೆಹರಟೆಗಳಿಗೆ ಸರಿ, ಸಾಮಾನ್ಯ ಜನಕ್ಕೆ ಯಾಕೆ?" ಅನ್ನುತ್ತೀರಿ. ಅನ್ನಿ. ಕಂಪನಿಯವರು ದೂರದಿಂದ ಅಪ್‌ಡೇಟ್ ಹಾಕುವುದು ಒಳ್ಳೆಯದೇ, ಇಲ್ಲದಿದ್ದರೆ ಯಾರೂ ಹಾಕಿಕೊಳ್ಳಲ್ಲ ಅಂತಲೂ ವಾದ ಇದೆ. ಒಪ್ಪಿದೆ. ಆದರೆ ತಂಗಿ ಮನೆಯ ಡಬ್ಬದಲ್ಲಿ ರಾತ್ರಿ ಅಷ್ಟೆಲ್ಲ ರಂಪ ಆದ ಮೇಲೂ ಫರ್ಮ್‌ವೇರ್ (ಡಬ್ಬವನ್ನು ಓಡಿಸುವ ಒಳಗಿನ ಸಾಫ್ಟ್‌ವೇರ್) ತಾರೀಖು 2019 ಅಂತಲೇ ಇತ್ತು. ಹಾಗಾದರೆ ಹಾಕಿದ್ದೇನು? ಎಲ್ಲರೂ ಸ್ವಂತ ರೂಟರ್ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಕಟ್ಟುವವರ ಕೈ ಕಟ್ಟಬೇಡಿ ಅಂತಿದ್ದೇನೆ ಅಷ್ಟೇ.

ಇನ್ನು ಒಂದು ಮಾತು ಹೇಳಿಬಿಡುತ್ತೇನೆ, ಹೇಗೂ ನನ್ನ ಹೆಂಡತಿ ಕಾಮೆಂಟ್‌ನಲ್ಲಿ ಹೇಳೇ ಹೇಳುತ್ತಾಳೆ. ಈ ಡಬ್ಬಕ್ಕೆ ಮೊದಲು ನಾನು ಕಟ್ಟಿದ್ದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ, ಎರಡನೇ ಪೋರ್ಟ್‌ಗೆ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ. ಚೆನ್ನಾಗೇ ಓಡುತ್ತಿತ್ತು. ಒಂದು ದಿನ ಕರೆಂಟು ಹೋಗಿ ಬಂತು, ನೆಟ್ ಮಾತ್ರ ಬರಲಿಲ್ಲ. ಹೆಂಡತಿಗೆ ಅರ್ಧ ಗಂಟೆಯಲ್ಲಿ ಮೀಟಿಂಗ್. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಎದ್ದ ಕೂಡಲೇ ಅದು ತಿಂಗಳುಗಳ ಹಿಂದಿನ ತಾರೀಖು ಹಿಡಿದು ಕೂತಿತ್ತು. ನಾನು ಬುದ್ಧಿವಂತಿಕೆಗೆ ಡಿಎನ್‌ಎಸ್‌ಸೆಕ್ ಆನ್ ಮಾಡಿದ್ದೆ, ಅಂದರೆ ಡಿಎನ್‌ಎಸ್ ಕೊಡುವ ಉತ್ತರ ಅಸಲಿಯೋ ಅಂತ ಡಿಜಿಟಲ್ ಸಹಿ ನೋಡಿ ಒಪ್ಪುವ ಏರ್ಪಾಡು. ತಾರೀಖು ತಪ್ಪಿದ್ದರೆ ಸಹಿ ಯಾವುದೂ ತಾಳೆಯಾಗಲ್ಲ, ಹೆಸರುಗಳ ವಿಳಾಸ ಸಿಗಲ್ಲ. ತಾರೀಖು ಸರಿ ಮಾಡಿಕೊಳ್ಳಲು ಟೈಮ್ ಸರ್ವರ್ ಬೇಕು. ಅದರ ವಿಳಾಸ ಸಿಗಲು ತಾರೀಖು ಸರಿ ಇರಬೇಕು. ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ. ಟೈಮ್ ಸರ್ವರ್‌ನ ವಿಳಾಸವನ್ನು ಅಂಕಿಯಲ್ಲೇ ಬರೆದಿಟ್ಟರೆ ಮುಗಿಯುತ್ತಿತ್ತು, ಅದು ಹೊಳೆದದ್ದು ಮಾರನೇ ದಿನ. ಆ ಹೊತ್ತಿಗೆ ಏನು ಮಾಡಿದೆ ಗೊತ್ತಾ? ಬಾಯಿ ಮುಚ್ಚಿಕೊಂಡು ಕಂಪನಿಯ ಡಬ್ಬವನ್ನು ರೀಸೆಟ್ ಮಾಡಿ ಮತ್ತೆ ಅದಕ್ಕೇ ಜೋತುಬಿದ್ದೆ. ಎರಡು ದಿನ ಅದೇ ಓಡಿತು. ಯಾರಿಗೂ ಹೇಳಿರಲಿಲ್ಲ.

ಇಷ್ಟು ಟೈಪ್ ಮಾಡುವಷ್ಟರಲ್ಲಿ ತಂಗಿ ಮೆಸೇಜ್ ಬಂತು. "ಅಣ್ಣಾ, ಭಾನುವಾರ ಬಂದು ನಮಗೂ ಅಂಥದ್ದೇ ಒಂದು ಹಾಕಿಕೊಡು. ಆದ್ರೆ ಹಳೇ ಡಬ್ಬ ಮಾತ್ರ ಬಿಸಾಕಬೇಡ, ಅತ್ತಿಗೆ ಎಲ್ಲಾ ಹೇಳಿದ್ದಾರೆ."