ಮೂಗು: ನೇರ, ಹೆಂಡತಿ: ಜೊತೆಗಿದ್ದಾಳೆ

ಮುತ್ತಜ್ಜ ನೋಡಲು ಹೇಗಿದ್ದ ಎಂದು ತಿಳಿಯಬೇಕೇ? ಅಮೆರಿಕದವರಾದರೆ ಅಟ್ಟ ಹತ್ತಬೇಕಿಲ್ಲ, ವಯಸ್ಸಾದ ಸೋದರತ್ತೆಯನ್ನು ಕಾಡಬೇಕಿಲ್ಲ. 1795ರಿಂದ 1925ರ ಮಾರ್ಚ್‌ವರೆಗಿನ ಪಾಸ್‌ಪೋರ್ಟ್ ಅರ್ಜಿಗಳು ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಮೊದಲು ಮೈಕ್ರೋಫಿಲ್ಮ್ ಆದವು, ಈಗ ಅಂತರ್ಜಾಲಕ್ಕೂ ಬಂದಿವೆ. ಹೆಸರು ಹಾಕಿ ಹುಡುಕಿದರೆ ಸಾಕು. ಮುತ್ತಜ್ಜನ ಹಣೆ, ಕಣ್ಣು, ಮೂಗು, ಬಾಯಿ, ಗಲ್ಲ, ಕೂದಲು, ಮೈಬಣ್ಣ ಎಲ್ಲ ಒಂದರ ಕೆಳಗೊಂದು ಸಿಗುತ್ತವೆ. ಮುತ್ತಜ್ಜಿ ಕೂಡ ಆತನನ್ನು ಇಷ್ಟು ಗಮನವಿಟ್ಟು ನೋಡಿರಲಿಕ್ಕಿಲ್ಲ.

ಆದರೆ ಓದಿ ನೋಡಿ. ಹಣೆ: ಎತ್ತರ. ಮೂಗು: ನೇರ. ಬಾಯಿ: ಸಾಧಾರಣ. ಗಲ್ಲ: ದುಂಡಗೆ. ಇನ್ನೊಂದು ಅರ್ಜಿ ತೆಗೆಯಿರಿ. ಹಣೆ: ಎತ್ತರ. ಮೂಗು: ನೇರ. ಇಡೀ ದೇಶಕ್ಕೆ ಒಬ್ಬನೇ ಮುತ್ತಜ್ಜ ಇದ್ದನೇನೋ ಅನ್ನಿಸುತ್ತದೆ. ಏನು ಮಾಡೋದು? ನನ್ನ ಮೂಗು ಸೊಟ್ಟ ಎಂದು ಸರ್ಕಾರಕ್ಕೆ ಬರೆದುಕೊಡುವ ಗಂಡಸು ಯಾವ ದೇಶದಲ್ಲಿದ್ದಾನೆ ಹೇಳಿ.

ಇಂಥ ವರ್ಣನೆ ನಂಬಿಕೊಂಡು ಜಗತ್ತು ಆರಾಮವಾಗಿತ್ತು. 1914ರಲ್ಲಿ ಯುದ್ಧ ಶುರುವಾಯಿತು. ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರ ಚಾರ್ಲ್ಸ್ ಇಂಗ್ಲಿಸ್ ಎಂಬ ಅಮೆರಿಕನ್ನನ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ನಿಗೆ ಹೋದ. ಅದು ಖೋಟಾ ಅಲ್ಲ, ಅಸಲಿ. ಫೋಟೊ ಒಂದಿರಲಿಲ್ಲ, ಅಷ್ಟೇ. ಸಿಕ್ಕಿಬಿದ್ದವನನ್ನು ನವೆಂಬರ್‌ನಲ್ಲಿ ಲಂಡನ್ ಟವರ್‌ನಲ್ಲಿ ಗುಂಡಿಟ್ಟು ಕೊಂದರು. ಡಿಸೆಂಬರ್ 21ರಂದು ಅಮೆರಿಕ ಸರ್ಕಾರಕ್ಕೆ ಜ್ಞಾನೋದಯವಾಗಿ, ಅರ್ಜಿಗೆ ಫೋಟೊ ಅಂಟಿಸಿ ಎಂದಿತು. ಎಂಥ ಫೋಟೊ ಎಂಬ ಬಗ್ಗೆ ಮೊದಮೊದಲು ಹೆಚ್ಚೇನೂ ತಕರಾರಿರಲಿಲ್ಲ. ಟೋಪಿ ಹಾಕಿದವರು ಬಂದರು. ಸಂಸಾರದ ಗ್ರೂಪ್ ಫೋಟೊದಿಂದ ತಮ್ಮ ತಲೆಯಷ್ಟನ್ನೇ ಕತ್ತರಿಸಿ ಕೊಟ್ಟವರೂ ಬಂದರು. ಈಗ ಆ ಫೋಟೊ ಕಂಡು ಮರಿಮಕ್ಕಳು ಕಣ್ಣೊರೆಸಿಕೊಳ್ಳುತ್ತಾರೆ. ಕಣ್ಣೊರೆಸಿಕೊಂಡ ಮೇಲೆ ಲೋಡಿಗೂ ಒಂದು ನಮಸ್ಕಾರ ಹಾಕುವುದು ನ್ಯಾಯ.

ಮುತ್ತಜ್ಜ ಸಿಕ್ಕ. ಮುತ್ತಜ್ಜಿ ಎಲ್ಲಿ? ಅಲ್ಲೇ ಇದ್ದಾಳೆ. ಪಾಸ್‌ಪೋರ್ಟ್ ಮೇಲೆ ಗಂಡನ ಹೆಸರು, ಅದರ ಪಕ್ಕದಲ್ಲಿ ‘ಮತ್ತು ಹೆಂಡತಿ’. ಮುಗಿಯಿತು. ಹೆಂಡತಿ, ಮಕ್ಕಳು, ಆಳುಕಾಳು, ಅವನ ಆಸರೆಯಲ್ಲಿ ಹೊರಟ ಇತರ ಹೆಂಗಸರು, ಎಲ್ಲರೂ ಯಜಮಾನನ ಒಂದೇ ಪಾಸ್‌ಪೋರ್ಟಿನಲ್ಲಿ ಸಮುದ್ರ ದಾಟುತ್ತಿದ್ದರು. ನಮ್ಮ ಲಗ್ನಪತ್ರಿಕೆಯ ‘ಸಕುಟುಂಬ ಪರಿವಾರ ಸಮೇತ’ ಇದ್ದ ಹಾಗೆ. ನಾವು ಊಟಕ್ಕೆ ಕರೆಯುತ್ತೇವೆ, ಅವರು ಗಡಿ ದಾಟಿಸುತ್ತಿದ್ದರು. ಇನ್ನೂ ಒಂದು ಮಜಾ ಇದೆ. ಜೋಡಿ ಪಾಸ್‌ಪೋರ್ಟ್ ಹಿಡಿದು ಗಂಡ ಒಬ್ಬನೇ ಊರು ಸುತ್ತಬಹುದಿತ್ತು. ಹೆಂಡತಿ ಒಬ್ಬಳೇ ಹೋಗುವಂತಿರಲಿಲ್ಲ. ಗಂಡ ಜೊತೆಗಿಲ್ಲದಿದ್ದರೆ ‘ಮತ್ತು ಹೆಂಡತಿ’ ಯಾರು ಎಂದು ಅಧಿಕಾರಿಗೆ ಹೇಗೆ ಗೊತ್ತಾಗಬೇಕು, ಪಾಪ!

ಪತ್ರಕರ್ತೆ ರೂತ್ ಹೇಲ್ 1920ರ ಸುಮಾರಿಗೆ ತಮ್ಮ ಸ್ವಂತ ಹೆಸರಲ್ಲೇ ಪಾಸ್‌ಪೋರ್ಟ್ ಕೇಳಿದರು. ವಿದೇಶಾಂಗ ಇಲಾಖೆ ಗಂಡನ ಹೆಸರಿನ ‘ಶ್ರೀಮತಿ ಹೇವುಡ್ ಬ್ರೂನ್’ ಎಂಬುದನ್ನು ಬಿಡಲು ಒಪ್ಪಲಿಲ್ಲ. ಆಕೆ ಪ್ರಯಾಣವನ್ನೇ ಬಿಟ್ಟರು. 1921ರಲ್ಲಿ ಇದೇ ಹಟಕ್ಕೆ ಲೂಸಿ ಸ್ಟೋನ್ ಲೀಗ್ ಎಂಬ ಸಂಘ ಹುಟ್ಟಿತು. ಮದುವೆಯಾದ ಹೆಂಗಸೊಬ್ಬರಿಗೆ, ಡೋರಿಸ್ ಫ್ಲೈಷ್‌ಮನ್ ಅವರಿಗೆ, ತವರಿನ ಹೆಸರಲ್ಲಿ ಪಾಸ್‌ಪೋರ್ಟ್ ಸಿಕ್ಕಿದ್ದು 1925ರಲ್ಲಿ. ಅಷ್ಟರಲ್ಲಿ ಆಕೆಗೆ ಮದುವೆಯಾಗಿ ಸುಮಾರು ಮೂರು ವರ್ಷವಾಗಿತ್ತು. ಯಾರೋ ಒಬ್ಬರ ಹೆಸರು ಅವರದೇ ಎಂದು ಒಪ್ಪಲು ಸರ್ಕಾರಕ್ಕೆ ಅಷ್ಟು ಸಮಯ ಬೇಕಾಗುತ್ತದೆ, ಅರ್ಜೆಂಟ್ ಮಾಡಬಾರದು.

ಹೆಸರಾದರೂ ಹೋಗಲಿ ಬಿಡಿ. 1907ರ ಕಾಯ್ದೆಯಂತೆ ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣಿಗೆ ಪೌರತ್ವವೇ ಹೋಗುತ್ತಿತ್ತು. 1922ರಲ್ಲಿ ಇದನ್ನು ಸಡಿಲಿಸಿದರು. ಆದರೆ ಗಂಡ ಪೌರತ್ವಕ್ಕೆ ಅರ್ಹನಲ್ಲದ ಜನಾಂಗದವನಾದರೆ ಹಳೇ ಕಥೆಯೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ತಕ್ಕವರಲ್ಲ ಎಂದಿತು. ಭಾರತದ ಕ್ರಾಂತಿಕಾರಿ ತಾರಕನಾಥ ದಾಸರ ಹೆಂಡತಿ ಮೇರಿ ಅಮೆರಿಕದ ಹಳೇ ಮನೆತನದ ಮಗಳು. ತನ್ನ ದೇಶದಲ್ಲೇ ದೇಶವಿಲ್ಲದವಳಾಗಿ, ಪಾಸ್‌ಪೋರ್ಟೂ ಸಿಗದೆ ಕೂತರು. ಬರೀ ತಾಳಿಯಿಂದ ಮನುಷ್ಯರ ದೇಶ ಬದಲಾಯಿಸುವ ವಿದ್ಯೆ ನಮ್ಮ ಪುರೋಹಿತರಿಗೂ ಒಲಿದಿರಲಿಲ್ಲ.

ಇಷ್ಟೆಲ್ಲ ತನಿಖೆ ಯಾವುದಕ್ಕೆ ಗೊತ್ತೇ? ಮೊದಲ ಮಹಾಯುದ್ಧದವರೆಗೆ, ಅಂತರ್ಯುದ್ಧದ ಕೆಲವು ತಿಂಗಳು ಬಿಟ್ಟರೆ, ಅಮೆರಿಕದವರು ದೇಶ ಬಿಡಲು ಪಾಸ್‌ಪೋರ್ಟ್ ಕಡ್ಡಾಯವೇ ಆಗಿರಲಿಲ್ಲ! ಆದರೂ ಜನ ಸಾಲು ನಿಂತು ಗಲ್ಲದ ಆಕಾರ ಬರೆದುಕೊಟ್ಟರು. ಯುದ್ಧದಲ್ಲಿ ಕಡ್ಡಾಯವಾದ ಮೇಲಂತೂ ಕೇಳಲೇಬೇಡಿ, 1912ರಿಂದ 1925ರೊಳಗೆ 11 ಲಕ್ಷಕ್ಕೂ ಜಾಸ್ತಿ ಪಾಸ್‌ಪೋರ್ಟ್ ಕೊಟ್ಟಿದ್ದಾರೆ. ಯುದ್ಧದ ಭಯ ಇಲ್ಲದಿದ್ದರೆ ವಂಶವೃಕ್ಷ ಬರೆಯುವವರಿಗೆ ಅರ್ಧ ಕೊಂಬೆಯೂ ಸಿಗುತ್ತಿರಲಿಲ್ಲ. ನಿಮ್ಮ ಮೇಲೆ ಅನುಮಾನ ಪಟ್ಟವರೇ ನಿಮ್ಮ ಜೀವನಚರಿತ್ರೆ ಬರೆದಿಟ್ಟಿದ್ದಾರೆ. ಪ್ರೀತಿಸಿದವರು ಒಂದು ಕಾಗದವನ್ನೂ ಉಳಿಸಲಿಲ್ಲ.

ನಗಬೇಡಿ, ನಮ್ಮ ಸರದಿಯೂ ಬರುತ್ತದೆ. ಭಾರತದ ಪಾಸ್‌ಪೋರ್ಟಿಗೆ ಇನಿಶಿಯಲ್ ಆಗುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಹಾಸನದ ಕಡೆಯ ತಾತನ ಸರ್‌ನೇಮ್ ಊರಿನ ಹೆಸರು. ಮಗನ ಸರ್‌ನೇಮ್ ತಾತನ ಹೆಸರು. ನ್ಯೂಜೆರ್ಸಿಯಲ್ಲಿ ಹುಟ್ಟಿದ ಮೊಮ್ಮಗನ ಸರ್‌ನೇಮ್ ಅವನಪ್ಪನ ಹೆಸರು. ಹುಟ್ಟಿದ ದಿನವೋ, ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದ ಜೂನ್ 1. ನೂರು ವರ್ಷದ ನಂತರ ಯಾವನೋ ಮರಿಮಗ ಈ ಮೂರು ಅರ್ಜಿ ಎದುರಿಗಿಟ್ಟುಕೊಂಡು ಕೂರುತ್ತಾನೆ. ಒಂದೇ ಮನೆ, ಮೂರು ಮನೆತನ, ಊರಿನವರೆಲ್ಲ ಒಂದೇ ದಿನ ಹುಟ್ಟಿದವರು. ಗಾಬರಿಯಾಗಿ ಡಿಎನ್‌ಎ ಪರೀಕ್ಷೆಗೆ ದುಡ್ಡು ಕಟ್ಟುತ್ತಾನೆ.