ಬ್ರೆಫೆಲ್ಡಿನ್ ಹಿಡಿಯುವುದು ಆರ್ಫ್ ಒಂದನ್ನೇ ಅಲ್ಲ

ಬ್ರೆಫೆಲ್ಡಿನ್-ಎ ಎಂಬ ವಸ್ತುವಿನ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ 'ಬ್ರೆಫೆಲ್ಡಿನ್-ಎ ನೇರವಾಗಿ ಆರ್ಫ್1 ಪ್ರೋಟೀನಿಗೆ ಅಂಟಿ ಅದನ್ನು ನಿಲ್ಲಿಸುತ್ತದೆ' ಎಂಬ ಸಾಲು ಅರ್ಧ ಮಾತ್ರ ಸರಿ. ಆರ್ಫ್1 ಅಂದ್ರೆ ಕೋಶದೊಳಗೆ ಪ್ರೋಟೀನುಗಳ ಸಾಗಾಟಕ್ಕೆ ಸ್ವಿಚ್ಚಿನಂತಿರುವ ಪ್ರೋಟೀನ್. ಅದು ಕೆಲಸ ಶುರುಮಾಡಲು ಅದರಲ್ಲಿರುವ ಜಿಡಿಪಿ ಎಂಬ ಸಣ್ಣ ಅಣು ಹೊರಗೆ ಹೋಗಿ, ಆ ಜಾಗಕ್ಕೆ ಜಿಟಿಪಿ ಎಂಬ ಅಣು ಬರಬೇಕು. ಇದನ್ನು ಮಾಡಿಸಲು ಜಿಬಿಎಫ್1ನಂಥ ಇನ್ನೊಂದು ಪ್ರೋಟೀನ್ ಬೇಕು. ಬ್ರೆಫೆಲ್ಡಿನ್ ಹೋಗಿ ಕೂರುವುದು ಇವೆರಡರ ನಡುವಿನ ಸಂದಿಯಲ್ಲಿ. ಆಗ ಜಿಡಿಪಿ ಹೊರಗೆ ಬರುವುದಿಲ್ಲ, ಎರಡೂ ಪ್ರೋಟೀನುಗಳು ಹಾಗೇ ಸಿಕ್ಕಿಬೀಳುತ್ತವೆ. 2003ರಲ್ಲಿ ಇವು ಸಿಕ್ಕಿಬಿದ್ದ ಸ್ಥಿತಿಯ ಹರಳಿನ ರಚನೆ (ಅಣುಗಳು ಹೇಗೆ ಕೂತಿವೆ ಎಂದು ತೋರಿಸುವ ಚಿತ್ರ) ಸಿಕ್ಕ ಮೇಲೆ ಇದು ಸ್ಪಷ್ಟವಾಯಿತು. ಒಂದು ಬೂಸ್ಟು ತಯಾರಿಸುವ ವಸ್ತು ಇಷ್ಟು ಚಾಲಾಕಿ ಅಂದ್ರೆ ಆಶ್ಚರ್ಯ ಅಲ್ವಾ! ಪರಿಣಾಮವೂ ಜೋರು. ಕೆಲವೇ ನಿಮಿಷಗಳಲ್ಲಿ ಗಾಲ್ಜಿ (ಕೋಶದೊಳಗೆ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಭಾಗ) ಚದುರಿ, ಅದರ ಬಹುಪಾಲು, ಪ್ರೋಟೀನು ತಯಾರಾಗುವ ಜಾಲವಾದ ಇಆರ್‌ನೊಳಗೆ ಸೇರಿಹೋಗುತ್ತದೆ. ಬ್ರೆಫೆಲ್ಡಿನ್ ತೊಳೆದು ತೆಗೆದರೆ ಗಾಲ್ಜಿ ಮತ್ತೆ ಕಟ್ಟಿಕೊಳ್ಳುತ್ತದೆ.

ಇದನ್ನೇ ಕ್ಯಾನ್ಸರ್ ಔಷಧಿ ಮಾಡಬಹುದಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದು ಸುಲಭವಲ್ಲ. ಜಿಬಿಎಫ್1ನ ಹಾಗೇ ಕೆಲಸ ಮಾಡುವ ಬಿಗ್1, ಬಿಗ್2 ಪ್ರೋಟೀನುಗಳನ್ನೂ ಇದು ಬಿಡುವುದಿಲ್ಲ, ಆರೋಗ್ಯವಂತ ಕೋಶಕ್ಕೂ ಗಾಲ್ಜಿ ಬೇಕೇ ಬೇಕು. 2009ರಲ್ಲಿ ಬಂದ ಗಾಲ್ಜಿಸೈಡ್-ಎ ಎಂಬ ಇನ್ನೊಂದು ವಸ್ತು ಜಿಬಿಎಫ್1 ಅನ್ನು ಮಾತ್ರ ಗುರಿಯಿಡುತ್ತದೆ. ತಮಾಷೆ ಏನಂದ್ರೆ, ಲ್ಯಾಬುಗಳಲ್ಲಿ ಜಾಸ್ತಿ ಬಳಸುವ ಎಂಡಿಸಿಕೆ ಎಂಬ ನಾಯಿಯ ಕಿಡ್ನಿ ಕೋಶಗಳ ಗಾಲ್ಜಿ ಇವೆರಡಕ್ಕೂ ಜಗ್ಗುವುದಿಲ್ಲ. ಅಲ್ಲಿನ ಜಿಬಿಎಫ್1ನಲ್ಲಿ ಇವು ಹೋಗಿ ಕೂರುವ ಜಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬೇರೆ, ಅಷ್ಟೇ.